ವಿಸ್ಫಿಯರ್ ಕ್ಲೈಂಟ್: ಲಾಗಿನ್ ಆಗುತ್ತೆ, ಕನ್ಸೋಲ್ ಮಾತ್ರ ಕಪ್ಪು

ತುಮಕೂರು_ಸಿಸ್ಟಂ

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಇಎಸ್‌ಎಕ್ಸ್‌ಐ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ ಓಡಿಸೋ ವಿಎಂವೇರ್ ಸಾಫ್ಟ್‌ವೇರ್) 6.0 ಅಪ್‌ಡೇಟ್ 3 ಇರುವ ಸರ್ವರ್ ಇದೆ. ಮಂಡಿಯ ಬಿಲ್ಲಿಂಗ್ ಪೂರ್ತಿ ಅದರೊಳಗಿನ ಒಂದು ವಿಂಡೋಸ್ ವಿಎಂ (ವರ್ಚುವಲ್ ಕಂಪ್ಯೂಟರ್) ಮೇಲೆ ನಡೆಯುತ್ತೆ. ತುಮಕೂರಿನಿಂದಲೇ ಹಳೇ ವಿಸ್ಫಿಯರ್ ಕ್ಲೈಂಟ್‌ನಲ್ಲಿ (ಆ ಸರ್ವರ್ ನಿರ್ವಹಿಸೋ ವಿಂಡೋಸ್ ಪ್ರೋಗ್ರಾಂ) ನೋಡಿಕೊಳ್ಳುತ್ತೇನೆ. ಮೊನ್ನೆ ರೂಟರ್ ಬದಲಾಯಿಸಿ, 443 ಪೋರ್ಟ್ ಫಾರ್ವರ್ಡ್ ಮಾಡಿಸಿದ್ದೇನೆ (ಆ ಪೋರ್ಟಿಗೆ ಹೊರಗಿನಿಂದ ಬರೋದನ್ನ ರೂಟರ್ ಸರ್ವರ್‌ಗೆ ದಾಟಿಸುತ್ತೆ). ಲಾಗಿನ್ ಆಗುತ್ತೆ, ವಿಎಂ ಪಟ್ಟಿ ಬರುತ್ತೆ, ರೀಸ್ಟಾರ್ಟ್ ಕೂಡ ಆಗುತ್ತೆ. ಕನ್ಸೋಲ್ (ವಿಎಂನ ಪರದೆ ತೋರಿಸೋ ಕಿಟಕಿ) ತೆರೆದರೆ ಮಾತ್ರ ಕಪ್ಪು ಪರದೆ, ಮೇಲೆ ಎಂಕೆಎಸ್‌ಗೆ (ಮೌಸ್, ಕೀಬೋರ್ಡ್, ಸ್ಕ್ರೀನ್ ಸಂಪರ್ಕ) ಕನೆಕ್ಟ್ ಆಗಲಿಲ್ಲ ಅನ್ನೋ ಎರರ್. ಹರಾಜಿನ ದಿನ ವಿಎಂ ಕೈಕೊಟ್ಟರೆ ಮಂಡಿಯವರ ಕೆಲಸವೇ ನಿಲ್ಲುತ್ತೆ. ಕ್ಲೈಂಟ್ ತೆಗೆದು ಮತ್ತೆ ಹಾಕಬೇಕಾ?

ಮಾಲೂರು_ವಿಎಂ

ಬೇಡ ಸರ್, ಕ್ಲೈಂಟ್ ಸರಿಯಾಗೇ ಇದೆ. ಲಾಗಿನ್, ಪಟ್ಟಿ, ಪವರ್ ಆನ್-ಆಫ್ ಎಲ್ಲ 443ರಲ್ಲಿ ಹೋಗುತ್ತೆ. ಕನ್ಸೋಲ್ ಚಿತ್ರ, ಕೀಬೋರ್ಡ್, ಮೌಸ್ ಹೋಗೋದು ಟಿಸಿಪಿ 902ರಲ್ಲಿ. ನಿಮ್ಮ ಎರರ್ ಸಾಲಿನ ಕೊನೆಗೆ ಐಪಿ ಪಕ್ಕದಲ್ಲಿ 902 ಅಂತ ಇರಬೇಕು, ನೋಡಿ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕೊಟ್ಟು ಆ ಪೋರ್ಟ್ ಪರೀಕ್ಷಿಸಿ. ಫಾಲ್ಸ್ ಬಂದರೆ ಆ ಪೋರ್ಟ್ ಸಿಗ್ತಿಲ್ಲ ಅಂತ, ಅದೇ ಕಾರಣ.

ಹಾಗಂತ ದಯವಿಟ್ಟು 902 ಕೂಡ ಇಂಟರ್ನೆಟ್‌ಗೆ ತೆರೆಯಬೇಡಿ. 443 ತೆರೆದಿಟ್ಟಿರೋದೇ ನನಗೆ ಭಯ. 6.0ಕ್ಕೆ ಸಾಮಾನ್ಯ ಬೆಂಬಲ 2020ರ ಮಾರ್ಚ್‌ನಲ್ಲೇ ಮುಗಿದಿದೆ. 2023ರ ಫೆಬ್ರವರಿಯಲ್ಲಿ ಇಎಸ್‌ಎಕ್ಸ್‌ಐಆರ್ಗ್ಸ್ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳೋ ವೈರಸ್) ಹಿಡಿದದ್ದು ಇಂಥವನ್ನೇ: ನೆಟ್‌ಗೆ ನೇರ ತೆರೆದುಕೊಂಡಿದ್ದ, ಪ್ಯಾಚ್ ಕಾಣದ ಹಳೇ ಹೋಸ್ಟ್‌ಗಳನ್ನ (ವಿಎಂ ಓಡಿಸೋ ಸರ್ವರ್‌ಗಳನ್ನ). ವಿಎಂ ಫೈಲ್‌ಗಳೇ ಎನ್‌ಕ್ರಿಪ್ಟ್ ಆದರೆ ಮಂಡಿಯವರ ಲೆಕ್ಕ ಎಲ್ಲಿಂದ ತರ್ತೀರಿ?

ಮಂಡಿಯ ಒಳಗೆ ಯಾವುದಾದರೂ ಸಣ್ಣ ಲಿನಕ್ಸ್ ಪೆಟ್ಟಿಗೆಯಲ್ಲಿ ವೈರ್‌ಗಾರ್ಡ್ (ಹೊರಗಿನಿಂದ ಒಳಗಿನ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ ಕೊಡೋ ವಿಪಿಎನ್) ಹಾಕಿ. ಅದು ವಿಎಂ ಆಗೋದು ಬೇಡ; ಹೋಸ್ಟ್ ಬಿದ್ದ ದಿನ ದಾರಿಯೂ ಮುಚ್ಚುತ್ತೆ. ರೂಟರ್‌ನಲ್ಲಿ ಅದರ ಯುಡಿಪಿ ಪೋರ್ಟ್ ಒಂದನ್ನೇ ಬಿಟ್ಟು, 443 ಫಾರ್ವರ್ಡ್ ತೆಗೆದುಬಿಡಿ. ಆಮೇಲೆ ಒಳಗಿನ ಐಪಿಗೇ ಲಾಗಿನ್ ಆದರೆ 902 ತಾನಾಗೇ ಸಿಗುತ್ತೆ.

ಇನ್ನೊಂದು ವಿಷಯ. 6.0 ಅಪ್‌ಡೇಟ್ 2ರಿಂದ ಹೋಸ್ಟ್ ಕ್ಲೈಂಟ್ (ಬ್ರೌಸರ್‌ನಲ್ಲೇ ತೆರೆಯೋ ನಿರ್ವಹಣಾ ಪುಟ) ಇಎಸ್‌ಎಕ್ಸ್‌ಐ ಒಳಗೇ ಬರುತ್ತೆ. ಬ್ರೌಸರ್‌ನಲ್ಲಿ ಹೋಸ್ಟ್ ಐಪಿ ಹಾಕಿ, ಮುಂದೆ ಸ್ಲ್ಯಾಶ್ ಯುಐ ಕೊಡಿ. ಅದರ ಬ್ರೌಸರ್ ಕನ್ಸೋಲ್ 443ರಲ್ಲೇ ಓಡುತ್ತೆ.

ತುಮಕೂರು_ಸಿಸ್ಟಂ

902 ಫಾಲ್ಸ್ ಬಂತು, ನೀವು ಹೇಳಿದ್ದೇ ಸರಿ. ಮಂಡಿಯ ಹಳೇ ಪಿಸಿ ಮೇಲೆ ಡೆಬಿಯನ್, ವೈರ್‌ಗಾರ್ಡ್ ಹಾಕಿದೆ. ಈಗ ಕನ್ಸೋಲ್ ಬರ್ತಿದೆ, 443 ಮುಚ್ಚಿದ್ದೂ ಆಯ್ತು. ತುಂಬಾ ಥ್ಯಾಂಕ್ಸ್ ಸರ್. ಆದರೆ ಹಾರ್ಡ್‌ವೇರ್ ವರ್ಷನ್ (ವಿಎಂಗೆ ಕೊಟ್ಟ ವರ್ಚುವಲ್ ಹಾರ್ಡ್‌ವೇರ್‌ನ ಆವೃತ್ತಿ) 11 ಇರುವ ವಿಎಂನಲ್ಲಿ ಕೆಲವು ಸೆಟ್ಟಿಂಗ್ ಬದಲಾಯಿಸೋಕೆ ಬಿಡ್ತಿಲ್ಲ, ಯಾಕೆ?

ಮಾಲೂರು_ವಿಎಂ

ಅದು ಹಳೇ ವಿಸ್ಫಿಯರ್ ಕ್ಲೈಂಟ್‌ನ ಮಿತಿ. ವರ್ಷನ್ 8ರವರೆಗಿನ ಸೌಲಭ್ಯಗಳನ್ನ ಮಾತ್ರ ತಿದ್ದಬಹುದು, ಅದಕ್ಕಿಂತ ಹೊಸದನ್ನ ನೋಡಬಹುದು ಅಷ್ಟೆ. ಅವನ್ನ ಹೋಸ್ಟ್ ಕ್ಲೈಂಟ್‌ನಲ್ಲಿ ಮಾಡಿ. ಮುಂದೆ 6.5ಕ್ಕೆ ಏರಿಸಿದರೆ ಈ ಹಳೇ ಕ್ಲೈಂಟ್ ಹೇಗೂ ನಡೆಯಲ್ಲ, ಈಗಲೇ ಕೈ ಕೂರಲಿ. ಏರಿಸೋ ಮುಂಚೆ ಬಿಲ್ಲಿಂಗ್ ವಿಎಂನ ಒಂದು ಬ್ಯಾಕಪ್ ಹೋಸ್ಟ್‌ನಿಂದ ಹೊರಗಿನ ಡಿಸ್ಕ್‌ಗೆ ತೆಗೆದಿಡಿ.