ಗಲಾಟೆ ದಿನ ಅಂಗಡಿ ಮುಂದೆ ದೊಣ್ಣೆ ಹಿಡಿದು ನಿಲ್ಲಬೇಕಾ?

ಪ್ರಶ್ನೆ: ಕಳೆದ ಸಲ ಗಲಾಟೆಯಾದಾಗ ನಾನೂ ನನ್ನ ತಮ್ಮನೂ ದೊಣ್ಣೆ ಹಿಡಿದು ಅಂಗಡಿ ಬಾಗಿಲಲ್ಲಿ ನಿಂತಿದ್ದೆವು. ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಯಾರೂ ನುಗ್ಗಲಿಲ್ಲ. ಗುಂಪಿಗೆ ಬುದ್ಧಿ ಇರಲ್ಲ ಅಂತಾರೆ. ಹಾಗಾದರೆ ಹಿಂದೆ ಸರಿದದ್ದು ಹೇಗೆ?

ಉತ್ತರ 1: ಬುದ್ಧಿ ಇರಲ್ಲ ಅನ್ನುವುದು ಹಳೇ ಮಾತು ಸರ್. 1980ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ಗಲಭೆಯಾಯಿತು. ಮನಶ್ಶಾಸ್ತ್ರಜ್ಞ ಸ್ಟೀಫನ್ ರೈಕರ್ ಅದನ್ನು ಅಧ್ಯಯನ ಮಾಡಿದರು. ಜನ ಕಂಡಕಂಡದ್ದಕ್ಕೆಲ್ಲ ಕಲ್ಲು ಹೊಡೆದಿರಲಿಲ್ಲ. ಮುಖ್ಯ ಗುರಿ ಪೊಲೀಸರು. ಗುಂಪಿಗೂ ‘ನಮ್ಮವರು, ಹೊರಗಿನವರು’ ಎಂಬ ಲೆಕ್ಕ ಇರುತ್ತದೆ. ದೊಣ್ಣೆ ಹಿಡಿದರೆ ಆ ಲೆಕ್ಕದಲ್ಲಿ ನೀವೇ ಎದುರಾಳಿ ಆಗಿಬಿಡಬಹುದು, ಅಲ್ವಾ?

ಉತ್ತರ 2: 1978ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಇನ್ನೊಂದು ವಿವರಣೆ ಕೊಟ್ಟರು. ಒಬ್ಬ ಯಾರನ್ನೂ ಕಾಯದೆ ಕಲ್ಲು ಎಸೆಯುತ್ತಾನೆ. ಇನ್ನೊಬ್ಬನಿಗೆ ಮೊದಲು ಒಬ್ಬ ಎಸೆದಿರಬೇಕು. ಮತ್ತೊಬ್ಬನಿಗೆ ಹತ್ತು ಜನ ಬೇಕು. ನಡುವೆ ಒಂದು ಕೊಂಡಿ ತಪ್ಪಿದರೂ ಅಲ್ಲೇ ನಿಲ್ಲಬಹುದು. ಅಂದು ಆ ಮೊದಲನೆಯವನು ಬಂದಿರಲಿಲ್ಲ, ಅಷ್ಟೇ.

ಪ್ರಶ್ನೆ ಕೇಳಿದವರು: ಬಂದಿದ್ದ ಸರ್. ಕಲ್ಲು ಎತ್ತಿಯೂ ಇದ್ದ. ಪಕ್ಕದವನು ಅವನ ಕೈ ಹಿಡಿದ. ಈಗ ಯೋಚಿಸಿದರೆ, ಅವರಿಬ್ಬರೂ ನಮ್ಮ ದೊಣ್ಣೆ ಕಡೆ ನೋಡಿದ ನೆನಪೇ ಇಲ್ಲ.