ಸಿಸ್ಟಮ್ ರಿಸ್ಟೋರ್ ಮಾಡಿದ ಮೇಲೆ ಅಪ್ಪನ ಪ್ರಸಂಗದ ಫೈಲುಗಳೆಲ್ಲ ಗೀಚುಗೀಚು. ಹೋದದ್ದೇ ಹೌದಾ?

ಬದಿಯಡ್ಕ ಮಾಷ್ಟ್ರು

ನಮಸ್ಕಾರ. ನಾನು ಬದಿಯಡ್ಕದ ಹತ್ತಿರದವನು. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು. ಮೌಸ್ ಹಿಡಿದದ್ದೇ ಐವತ್ತು ದಾಟಿದ ಮೇಲೆ. ಪ್ರಶ್ನೆ ಪೆದ್ದು ಅನಿಸಿದರೆ ಬೈಯಬೇಡಿ.

ಅಪ್ಪ ಬರೆದಿಟ್ಟ ಯಕ್ಷಗಾನ ಪ್ರಸಂಗದ ನೋಟುಬುಕ್ಕು 3 ಉಂಟು. ಒಂದರ ಮೂಲೆಯನ್ನು ಗೆದ್ದಲು ತಿಂದಾಗಿದೆ. ಪೂರ್ತಿ ತಿನ್ನುವ ಮೊದಲು ಟೈಪ್ ಮಾಡಿಡೋಣ ಅಂತ 4 ವರ್ಷದಿಂದ ನುಡಿ ಎಂಬ ಕನ್ನಡ ಟೈಪಿಂಗ್ ಪ್ರೋಗ್ರಾಮಿನಲ್ಲಿ ಹೊಡೆಯುತ್ತಾ ಬಂದಿದ್ದೇನೆ. ಕರೆಂಟ್ ಇದ್ದ ದಿನ ನಾಲ್ಕೈದು ಪದ್ಯ. ಈಗ 212 ಪುಟ ಆಗಿತ್ತು. ಆಟಿ ತಿಂಗಳಲ್ಲಿ ನಮ್ಮ ಭಜನಾ ಮಂದಿರದಲ್ಲಿ ತಾಳಮದ್ದಳೆ ಇಟ್ಟುಕೊಂಡಿದ್ದೇವೆ. ಭಾಗವತರಿಗೆ ಪದ್ಯದ ಪ್ರತಿ ಕೊಡಬೇಕು.

ಕಳೆದ ವಾರ ಪ್ರಿಂಟರ್ ಕೈಕೊಟ್ಟಿತು. ಪೇಟೆಯ ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ. "ಡ್ರೈವರ್, ಅಂದರೆ ಪ್ರಿಂಟರನ್ನು ಓಡಿಸುವ ಪ್ರೋಗ್ರಾಮು, ಕೆಟ್ಟಿರಬೇಕು. ಸಿಸ್ಟಮ್ ರಿಸ್ಟೋರ್ ಮಾಡಿ ಮಾಷೆ, ಫೈಲಿಗೆ ಏನೂ ಆಗುವುದಿಲ್ಲ" ಅಂದ. ತೆರೆದಾಗ ಪರದೆಯ ಮೇಲೂ ಅದೇ ಮಾತು ಇತ್ತು. ಯಾವ ದಿನದ ಸ್ಥಿತಿಗೆ ಹಿಂದಕ್ಕೆ ಹೋಗಬೇಕು ಅಂತ ಎರಡು ದಿನಾಂಕ ತೋರಿಸಿತು. ಹಳೆಯದಾದಷ್ಟು ಗಟ್ಟಿ ಅಂತ ನನ್ನ ಲೆಕ್ಕ. ಮೇ 28 ಅಂತ ಇದ್ದದ್ದನ್ನು ಒತ್ತಿದೆ. ಅದರ ಎರಡು ವಾರ ಮೊದಲಷ್ಟೇ ಹಾರ್ಡ್ ಡಿಸ್ಕ್ ಬದಲಿಸಿ ವಿಂಡೋಸ್ ಹೊಸದಾಗಿ ಹಾಕಿಸಿದ್ದೆ.

ಈಗ ಫೋಟೋ ಎಲ್ಲ ಸರಿ ಉಂಟು. ಮಗಳ ಮದುವೆಯ ವಿಡಿಯೋ ಉಂಟು. ವಾಟ್ಸಾಪ್‌ನಿಂದ ಇಳಿಸಿಟ್ಟ ಕನ್ನಡದ ಬರಹವೂ ಚೆನ್ನಾಗಿ ಕಾಣುತ್ತದೆ. ಅಪ್ಪನ ಪ್ರಸಂಗ ಮಾತ್ರ ತೆರೆದರೆ ಇಂಗ್ಲಿಷ್ ಅಕ್ಷರಗಳು. ಕೆಲವಕ್ಕೆ ತಲೆಯ ಮೇಲೆ ಟೋಪಿ, ಕೆಲವಕ್ಕೆ ಕೆಳಗೆ ಬಾಲ. ನಡುವೆ ರೂಪಾಯಿಯೂ ಅಲ್ಲದ, ಡಾಲರೂ ಅಲ್ಲದ ಏನೋ ಗುರುತು. ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಮೇ ತಿಂಗಳಿಗಿಂತ ಹಿಂದೆ ಬರೆದದ್ದೂ ಹಾಗೆಯೇ. ರಿಸ್ಟೋರ್ ಮಾಡಿದ್ದರಿಂದ ಫೈಲಿನ ಒಳಗಿನದ್ದು ಅಳಿಸಿಹೋಗುತ್ತದಾ? ಎರಡು ರಾತ್ರಿಯಿಂದ ನಿದ್ದೆ ಇಲ್ಲ.

ಸೂಪರ್‌ಫಾಸ್ಟ್

ವೈರಸ್ ಸರ್. ಫೈಲನ್ನು ಲಾಕ್ ಮಾಡಿ ದುಡ್ಡು ಕೇಳುವ ಜಾತಿಯದ್ದು. ಇನ್ನು ಸಿಗುವುದಿಲ್ಲ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಶುರು ಮಾಡಿ.

ಡಿಟಿಪಿ ಅಕ್ಕ

ಮಾಷ್ಟ್ರೇ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ! ಆ ವೈರಸ್ ಬಂದಿದ್ದರೆ ಫೈಲು ತೆರೆಯುತ್ತಲೇ ಇರಲಿಲ್ಲ. ಮದುವೆ ಫೋಟೋವನ್ನೂ ಬಿಡುತ್ತಿರಲಿಲ್ಲ.

ನಾನು ಕಾಸರಗೋಡಿನಲ್ಲಿ ಆಮಂತ್ರಣ ಪತ್ರಿಕೆ ಮಾಡುವವಳು. ನೀವು ಹೇಳುವ ಟೋಪಿ, ಬಾಲದ ಅಕ್ಷರಗಳನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಯಾರೋ ಪೆನ್ ಡ್ರೈವ್ ತರುತ್ತಾರೆ, "ಹಾಳಾಗಿದೆ" ಅನ್ನುತ್ತಾರೆ. ಹಾಳಾಗಿರುವುದಿಲ್ಲ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ ಬರಹ ಕಾಣುವುದೇ ಹಾಗೆ.

ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆ. ಅದಕ್ಕೆ ಕನ್ನಡದ ವೇಷ ಕಟ್ಟುವುದು ಫಾಂಟು. ಬಣ್ಣ ತೊಳೆದ ಮೇಲೆ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕುಳಿತ ವೇಷಧಾರಿಯ ಹಾಗೆ, ಆಳು ಅವನೇ, ಗುರುತು ಸಿಗುವುದಿಲ್ಲ. ವಾಟ್ಸಾಪಿನ ಕನ್ನಡ ಯುನಿಕೋಡ್, ಅಂದರೆ ಕನ್ನಡದ ಅಕ್ಷರಕ್ಕೆ ಅದರದ್ದೇ ಸಂಖ್ಯೆ ಇರುವ ಪದ್ಧತಿ. ಅದಕ್ಕೆ ಬೇಕಾದ ತುಂಗಾ, ನಿರ್ಮಲಾ ಥರದ ಫಾಂಟುಗಳು ವಿಂಡೋಸ್‌ನದ್ದೇ. ಅದಕ್ಕೇ ಅದು ಸರಿ ಕಾಣುತ್ತದೆ.

ಒಂದು ಕೇಳುತ್ತೇನೆ. ಹೊಸ ವಿಂಡೋಸ್ ಹಾಕಿಸಿದ ಮೇಲೆ ನುಡಿ ಹಾಕಿಸಿದ್ದು ಯಾವಾಗ?

ಬದಿಯಡ್ಕ ಮಾಷ್ಟ್ರು

ಅಕ್ಕಾ, ತಂಗಿಯ ಮಗ ಮಂಗಳೂರಿನಿಂದ ಬಂದಾಗ ಹಾಕಿಕೊಟ್ಟದ್ದು. ಶಾಲೆ ಶುರುವಾದ ವಾರ. ಅಂದರೆ ಜೂನ್ ಮೊದಲ ವಾರ.

ಓ. ಮೇ 28ಕ್ಕೆ ನುಡಿಯೇ ಇರಲಿಲ್ಲ ಅಲ್ವಾ!

ಕುಂಬಳೆ ಟು ಬೆಂಗಳೂರು

ಅದೇ ಮಾಷ್ಟ್ರೇ, ಸಿಕ್ಕಿತು. ಪೇಟೆಯ ಹುಡುಗ ಹೇಳಿದ್ದು ಸುಳ್ಳಲ್ಲ. ಅರ್ಧ ಹೇಳಿದ.

ರಿಸ್ಟೋರ್ ಮುಟ್ಟುವುದು ವಿಂಡೋಸ್‌ನ ಸ್ವಂತ ಫೈಲುಗಳನ್ನು, ರಿಜಿಸ್ಟ್ರಿಯನ್ನು (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಪಟ್ಟಿ), ಡ್ರೈವರುಗಳನ್ನು, ಹಾಕಿದ ಪ್ರೋಗ್ರಾಮುಗಳನ್ನು. 2000ದಲ್ಲಿ ವಿಂಡೋಸ್ ಎಂಇ ಜೊತೆ ಮೊದಲು ಬಂದಾಗಿನಿಂದ ಅದರ ಕೆಲಸ ಇದೇ. ನಿಮ್ಮ ವರ್ಡ್ ಫೈಲು, ಫೋಟೋ, ಇಮೇಲ್ ಅದರ ಲೆಕ್ಕದಲ್ಲಿ ಇಲ್ಲ. ಹಿಂದಕ್ಕೂ ಹೋಗುವುದಿಲ್ಲ, ಅಳಿಸುವುದೂ ಇಲ್ಲ. ಆದರೆ ಆ ದಿನಾಂಕದ ನಂತರ ಹಾಕಿದ ಪ್ರೋಗ್ರಾಮು ಹೋಗುತ್ತದೆ. ಅದರ ಜೊತೆ ಬಂದ ಫಾಂಟಿನ ನೋಂದಣಿಯೂ ಹೋಗುತ್ತದೆ. ಫೈಲು ಉಳಿಯಿತು, ಓದುವ ಕನ್ನಡಕ ಕಳೆಯಿತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಫಜೀತಿ ಗೊತ್ತೇ ಆಗುವುದಿಲ್ಲ. ನಮ್ಮಂಥವರಿಗೆ ಮಾತ್ರ.

ಡೆಸ್ಕ್‌ಟಾಪಿನಲ್ಲಿ ನುಡಿಯ ಇನ್‌ಸ್ಟಾಲರ್ ಇಟ್ಟಿದ್ದರೆ ಅದೂ ಕಾಣೆಯಾಗಿರಬಹುದು. ಪ್ರೋಗ್ರಾಮಿನ ಜಾತಿಯ ಫೈಲುಗಳನ್ನು ರಿಸ್ಟೋರ್ ತನ್ನದು ಅಂದುಕೊಳ್ಳುತ್ತದೆ. ಜನ "ನನ್ನ ಫೈಲು ಹೋಯಿತು" ಅನ್ನುವುದು ಎಷ್ಟೋ ಸಲ ಇದಕ್ಕೇ.

ಈಗ ಎರಡು ದಾರಿ. ರಿಸ್ಟೋರ್ ಕಿಟಕಿಯನ್ನೇ ಮತ್ತೆ ತೆರೆದರೆ "ಅಂಡೂ" ಅಂತ ಬರುತ್ತದೆ. ಅದು ಮಾಡಿದ್ದನ್ನು ವಾಪಸ್ ತಿರುಗಿಸುತ್ತದೆ. ವಿಂಡೋಸನ್ನು ತೀರಾ ಬೇಕಾದಷ್ಟರಲ್ಲೇ ಓಡಿಸುವ ಸೇಫ್ ಮೋಡಿನಲ್ಲಿ ಮಾಡಿದ್ದರೆ ಮಾತ್ರ ಅಂಡೂ ಸಿಗುವುದಿಲ್ಲ. ಆದರೆ ನಾನಾದರೆ ಸುಮ್ನೆ ನುಡಿಯನ್ನು ಇನ್ನೊಮ್ಮೆ ಹಾಕುತ್ತೇನೆ. ಹತ್ತು ನಿಮಿಷದ ಕೆಲಸ.

ಮುಂದಕ್ಕೆ ಒಂದು ಗುಂಡಿ ನೆನಪಿಡಿ. ದಿನಾಂಕ ಆರಿಸಿದ ಮೇಲೆ, "ಯಾವ ಪ್ರೋಗ್ರಾಮುಗಳಿಗೆ ತೊಂದರೆ" ಅಂತ ಹುಡುಕುವ ಗುಂಡಿ ಅಲ್ಲೇ ಇರುತ್ತದೆ. ಒತ್ತಿದ್ದರೆ ಪಟ್ಟಿಯಲ್ಲಿ ನುಡಿಯ ಹೆಸರು ಬಂದಿರುತ್ತಿತ್ತು. ಯಾರೂ ಒತ್ತುವುದಿಲ್ಲ. ನಾನೂ ಒತ್ತುತ್ತಿರಲಿಲ್ಲ.

ಮತ್ತೆ, ರಿಸ್ಟೋರ್ ಬೇರೆ, ರಿಸೆಟ್ ಬೇರೆ. ಹೆಸರು ಒಂದೇ ಥರ ಕೇಳುತ್ತದೆ, ಅಪಾಯ ಇರುವುದೇ ಅಲ್ಲಿ. ರಿಸೆಟ್ ಅಂದರೆ ವಿಂಡೋಸನ್ನೇ ಹೊಸದಾಗಿ ಹಾಕಿದ ಹಾಗೆ. ಅದರಲ್ಲಿ ಫೈಲು ಇಟ್ಟುಕೊಳ್ಳುತ್ತೀರಾ, ಎಲ್ಲ ತೆಗೆಯಲಾ ಅಂತ ಕೇಳುತ್ತದೆ. ಇಟ್ಟುಕೊಂಡರೂ ನೀವು ಹಾಕಿದ ಪ್ರೋಗ್ರಾಮುಗಳು ಹೋಗುತ್ತವೆ. ಎರಡನೆಯದನ್ನು ಒತ್ತಿದರೆ ಅಪ್ಪನ ಪ್ರಸಂಗವೂ ಹೋಯಿತು. ಕಂಪನಿಯಿಂದ ಬಂದ ಸ್ಥಿತಿಗೆ ತರುವುದೂ ಹಾಗೆಯೇ. ಫೋನಿನಲ್ಲಿ ಯಾರಾದರೂ "ರಿಸ್ಟೋರೋ ರಿಸೆಟ್ಟೋ ಏನೋ ಒಂದು ಮಾಡಿ" ಅಂದರೆ ಫೋನ್ ಇಡಿ.

ಡಿಟಿಪಿ ಅಕ್ಕ

ನುಡಿ ಹಾಕುವವರೆಗೆ ಆ ಫೈಲುಗಳನ್ನು ತಿದ್ದಲು ಹೋಗಬೇಡಿ. ವರ್ಡ್ ಅದನ್ನು ಇಂಗ್ಲಿಷ್ ಅಂದುಕೊಂಡು ಕೆಂಪು ಗೆರೆ ಎಳೆದಿರುತ್ತದೆ. ಅದರ ಮಾತು ಕೇಳಿ ಬದಲಿಸಿದರೆ ಮುಗಿಯಿತು. ನುಡಿಯಲ್ಲಿ ದೊಡ್ಡಕ್ಷರ ಒಂದು ತುಂಡು, ಚಿಕ್ಕಕ್ಷರ ಇನ್ನೊಂದು ತುಂಡು. ವರ್ಡ್ ವಾಕ್ಯದ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದು ಮಾಡಿದರೂ ಪದ್ಯದ ಮೊದಲ ಅಕ್ಷರ ಕೆಡುತ್ತದೆ.

ಬದಿಯಡ್ಕ ಮಾಷ್ಟ್ರು

ಬಂತು ಮಾರಾಯ್ರೆ, ಬಂತು!

ಪೇಟೆಗೆ ಹೋಗಿ ಕೇಳಿದರೆ ಅಂಗಡಿಯಲ್ಲಿ ಮಲಯಾಳಂ ಫಾಂಟು ಬೇಕಾದಷ್ಟು ಉಂಟು. ನುಡಿ ಎಂದರೆ ಎಂತ ಅಂತ ಕೇಳಿದ ಹುಡುಗ. ಅವನ ತಪ್ಪಲ್ಲ ಬಿಡಿ, ಕೇಳುವವರು ಯಾರು? ಕಡೆಗೆ ತಂಗಿಯ ಮಗನೇ ಲಿಂಕ್ ಕಳಿಸಿದ. ನಿನ್ನೆ ಸಂಜೆ ಹಾಕಿದೆ. ಮೊದಲ ಫೈಲು ತೆರೆದಾಗ ಕೈ ನಡುಗುತ್ತಿತ್ತು. ಗಣಪತಿಯ ಸ್ತುತಿಯ ಪದ್ಯ ಹಾಗೇ ಇತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು "ಇದನ್ನು ನೀವು ಮೊದಲೂ ತೋರಿಸಿದ್ದೀರಿ" ಅಂದಳು.

ಆದರೆ ಒಂದು ಫೈಲಿನಲ್ಲಿ 2 ಪುಟ ಕೆಟ್ಟಿದೆ. ಅಕ್ಕ ಬರೆಯುವ ಮೊದಲೇ ನಾನು ಗಾಬರಿಯಲ್ಲಿ ಕೆಂಪು ಗೆರೆಗಳನ್ನೆಲ್ಲ ಒತ್ತಿ ಸೇವ್ ಮಾಡಿದ್ದೆ. ಅಲ್ಲಿ ಕರ್ಣ ಎಂತೆಂಥವೋ ಆಗಿದ್ದಾನೆ. ನೋಟುಬುಕ್ಕು ನೋಡಿ ಮತ್ತೆ ಹೊಡೆಯುತ್ತೇನೆ. ಗೆದ್ದಲು ತಿಂದ ಪುಟವಲ್ಲ, ಪುಣ್ಯ.

ಕುಂಬಳೆ ಟು ಬೆಂಗಳೂರು

ಸಂತೋಷ. ಇನ್ನು ಎಲ್ಲವನ್ನೂ ಯುನಿಕೋಡಿಗೆ ಬದಲಿಸಿ ಒಂದು ಪ್ರತಿ ಬೇರೆ ಇಡಿ. ಉಚಿತ ಕನ್ವರ್ಟರುಗಳು ಉಂಟು. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಒಮ್ಮೆ ಕಣ್ಣಾಡಿಸಿ ನೋಡಿ, ಅಲ್ಲಿ ಎಡವುತ್ತವೆ. ಮೂಲ ಫೈಲನ್ನು ಅಳಿಸಬೇಡಿ. ಒಂದು ಪೆನ್ ಡ್ರೈವಿನಲ್ಲೂ ಹಾಕಿಡಿ. ರಿಸ್ಟೋರ್ ಪಾಯಿಂಟ್, ಅಂದರೆ ನೀವು ಆರಿಸಿದ ಆ ದಿನಾಂಕದ ದಾಖಲೆ, ಬ್ಯಾಕಪ್ ಅಲ್ಲ, ಡಿಸ್ಕ್ ಹೋದರೆ ಅದೂ ಡಿಸ್ಕಿನ ಜೊತೆಗೇ ಹೋಗುತ್ತದೆ.

ಬದಿಯಡ್ಕ ಮಾಷ್ಟ್ರು

ಆಗಲಿ. ಪೆನ್ ಡ್ರೈವ್ ಎರಡು ತಂದಿದ್ದೇನೆ, ಒಂದು ಮಗಳ ಮನೆಯಲ್ಲಿ ಇರಲಿ ಅಂತ.

ಪ್ರಿಂಟರ್ ಈಗಲೂ ಓಡುತ್ತಿಲ್ಲ. ಇವತ್ತು ಮೇಜು ಎಳೆದು ನೋಡಿದರೆ ಕೇಬಲಿನ ಮೇಲೆ ಇಲಿಯ ಹಲ್ಲಿನ ಗುರುತು ಉಂಟು. ಅಕ್ಕಾ, ನಿಮ್ಮ ಅಂಗಡಿಯಲ್ಲಿ 212 ಪುಟ ಪ್ರಿಂಟ್ ಹೊಡೆಯಲು ಎಷ್ಟಾಗುತ್ತದೆ?