ಭೀಮಾನ ಬೆಲ್ಟ್

ಗುಂಪು: ಮಾನ್ವಿ ಮನಿ ಮಂದಿ

ಕಾಕಾ: (ಫೋಟೊ) ಈ ನಾಯಿ ಬೆಲ್ಟ್ ನೋಡ್ರಿ. ದಪ್ಪನ ಚರ್ಮ, ಸುತ್ತ ಗೆಜ್ಜಿ. ಫ್ರೀ ಸೈಜ್ ಅಂತ. ಭೀಮಾಗ ಆರ್ಡರ್ ಹಾಕ್ಲ್ಯಾ?

ಸಿಂಧನೂರು ಅತ್ತಿ: ಹಾಕಣ್ಣ, ಭಾರಿ ಚಂದೈತಿ.

ನಾನು: ಹಾಕಬ್ಯಾಡ್ರಿ ಕಾಕಾ. ಕೊರಳಿಗೆ ಫ್ರೀ ಸೈಜ್ ಅಂಬೋದು ಇರಂಗಿಲ್ಲ. ಮೊದಲು ಅಳತಿ ತಗೀರಿ.

ಕಾಕಾ: ಅಳತಿ ಯಾಕವ್ವ, ತೂತು ಅದಾವಲ್ಲ? ಮೊನ್ನಿ ಸಂಜಿಮುಂದ ಬೆಲ್ಟಿನಾಗಿಂದ ತಲಿ ನುಸುಳಿಸಿಕೊಂಡು ಸೀದಾ ಸಿಂಧನೂರು ರೋಡಿಗೆ ಓಡಿತು. ಭತ್ತದ ಲಾರಿ ಬರೋ ಹೊತ್ತು, ಜೀವ ಬಾಯಿಗೆ ಬಂದಿತ್ತು. ಈಗ ಬಿಗಿ ಮಾಡೀನಿ.

ನಾನು: ಬಿಗಿ ಮಾಡಿದ್ರ ನಿಲ್ಲೋ ನಾಯಿ ಅಲ್ಲ ಅದು, ಮುಧೋಳ ತಳಿ. ಬ್ಯಾರೆ ನಾಯಿಗೆ ತಲಿ ಅಗಲ, ಕೊರಳು ಸಣ್ಣ, ಬೆಲ್ಟ್ ಕಿವಿ ಹಿಂದ ಬಂದು ನಿಲ್ತೈತಿ. ಇದರ ತಲಿ ಕಿರಿದು. ಹಿಂದಕ್ಕ ಸರದು ಜಗ್ಗಿದ್ರ ಬೆಲ್ಟ್ ಕಿವಿ ದಾಟಿ ಹೊರಗ ಬರ್ತೈತಿ. ಜಾರಲಾರದಂಗ ಮಾಡ್ಬೇಕಂದ್ರ ಗಂಟಲು ಒತ್ತೋವಷ್ಟು ಬಿಗೀಬೇಕಾಗ್ತೈತಿ.

ತಮ್ಮ: ಬೆಲ್ಟಿನ ಕೆಳಗ ಎರಡು ಬೆರಳು ತೂರಬೇಕು ಅಂತಾರಲ್ಲಕ್ಕ, ಅಷ್ಟು ಸಾಲದೇನು?

ನಾನು: ದಿನಾ ಹಾಕೋ ಬೆಲ್ಟಿಗೆ ಅದು ಖರೆ. ಹೊರಗ ಒಯ್ಯುವಾಗ ಈ ತಳಿಗೆ ಸಾಲಂಗಿಲ್ಲ.

ಕಾಕಾ: ಹಂಗಾದ್ರ ಉರುಲು ಚೈನ್ ಹಾಕೋಣು. ಜಗ್ಗಿದಷ್ಟು ಬಿಗೀತೈತಿ, ಹೆಂಗ ಓಡ್ತೈತಿ?

ನಾನು: ಬ್ಯಾಡೇ ಬ್ಯಾಡ! ಅದಕ್ಕ ಮಿತಿ ಇಲ್ಲ, ಉಸಿರುನಾಳ ಒತ್ತತೈತಿ. ಮೊಲ ಕಂಡ್ರ ಒಮ್ಮಿಗೇ ನೆಗೆಯೋ ನಾಯಿ ಅದು. ಮಾರ್ಟಿಂಗೇಲ್ ಬೆಲ್ಟ್ ಅಂತ ಬರ್ತೈತಿ, ಇಂಥ ನಾಯಿಗಂತಲೇ. ಎರಡು ಕುಣಿಕಿ: ದೊಡ್ಡದು ಕೊರಳಿಗೆ, ಸಣ್ಣದಕ್ಕ ಚೈನ್. ಜಗ್ಗಿದಾಗ ಸಣ್ಣದು ದೊಡ್ಡದನ್ನ ಎಳೀತೈತಿ, ಕೊರಳಿನ ಅಳತಿಗೆ ಬಂದು ನಿಲ್ತೈತಿ. ಬಿಟ್ರ ಸಡಿಲ. ಪಟ್ಟಿ ಅಗಲ ಇರ್ಬೇಕು. ಉದ್ದ ಕೊರಳು, ತೆಳ್ಳನ ಚರ್ಮ, ಸಣ್ಣ ಪಟ್ಟಿ ಕೊರೀತೈತಿ.

ಅತ್ತಿ: ಚರ್ಮದ್ದಾದ್ರ ಬಾಳ ವರ್ಷ ಬರ್ತೈತಿ ನೋಡು.

ನಾನು: ಬರ್ತೈತಿ ಅತ್ತಿ, ಆದ್ರ ಭೀಮಾ ದಿನಾ ಎಡದಂಡೆ ಕಾಲುವ್ಯಾಗ ಇಳಿಯಾಂವ. ತೊಯ್ದ ಚರ್ಮ ನಮ್ಮ 40 ಡಿಗ್ರಿ ದಾಟಿದ ಬಿಸಿಲಿಗೆ ಒಣಗಿ ಸೆಟದು ಕೊರಳು ತಿಕ್ಕತೈತಿ. ನೈಲಾನ್ ಆದ್ರ ತೊಳದು ಹಾಕಬೌದು.

ಕಾಕಾ: 2005ರಾಗ ಅಂಚೆಚೀಟಿ ಮ್ಯಾಲ ಬಂದ ತಳಿ ಅವ್ವ ಇದು. ನೈಲಾನ್ ಪಟ್ಟಿ ಹಾಕಿ ಊರಾಗ ತಿರುಗಿಸ್ಲ್ಯಾ?

ಕಾಕು: ಚಂದ ಆಮ್ಯಾಲ ನೋಡ್ರಿ. ನೀವು ಬಿಗಿ ಮಾಡಿದಾಗಿಂದ ಅದು ರೊಟ್ಟಿ ನುಂಗುವಾಗ ಕೆಮ್ಮತೈತಿ. ಬೆಲ್ಟಿನ ಕೆಳಗ ಕೂದ್ಲ ಉದುರಿ ಕೆಂಪಾಗೈತಿ.

ನಾನು: ಕಾಕು, ಗೇಟ್ ಹಾಕಿ ಈಗ್ಲೇ ಬಿಚ್ಚಿರಿ! ಎಂಟು ತಿಂಗಳ ನಾಯಿ, ಇನ್ನೂ ಬೆಳೀತೈತಿ. ಬಿಗಿ ಬೆಲ್ಟ್ ಹಂಗ ಬಿಟ್ರ ಚರ್ಮದಾಗ ಇಳೀತೈತಿ, ಗಾಯದಾಗ ಹುಳ ಬೀಳ್ತಾವ. ಕೆಂಪು ಇಳೀಲಿಲ್ಲಂದ್ರ ದನದ ಡಾಕ್ಟರಿಗೆ ತೋರಸ್ರಿ. ಹಂಗ ಕಿವಿ ಹಿಂದ ಕೊರಳಿನ ಸುತ್ತ, ತಲಿ ಅಗಲ ಇದ್ದಲ್ಲಿ ಸುತ್ತ ದಾರ ಹಿಡಿದು ಅಳತಿ ಕಳಸ್ರಿ.

ಕಾಕು: ಬಿಚ್ಚೀನಿ. ಕೊರಳು 13 ಇಂಚು, ತಲಿನೂ 13.

ತಮ್ಮ: ಅದಕ್ಕ ಜಾರೈತಿ ನೋಡ್ರಿ!

ಕಾಕಾ: ಆತು. ಆ ಬೆಲ್ಟ್ ಮಾನ್ವ್ಯಾಗ ಎಲ್ಲಿ ಸಿಗ್ತೈತಿ?

ನಾನು: ಸಿಗ್ಲಿಲ್ಲಂದ್ರ ಬ್ಯಾಗ್ ಹೊಲಿಯೋರ ಕಡೆ ಹೊಲಸ್ರಿ, ಚಿತ್ರ ಬರದು ಕಳಸ್ತೀನಿ. ದೊಡ್ಡ ಪಟ್ಟಿಯ ಎರಡೂ ತುದಿಗೆ ಬೆಸುಗಿ ಹಾಕಿದ ಗಟ್ಟಿ ರಿಂಗ್ ಇರ್ಲಿ, ಸಣ್ಣ ಕುಣಿಕಿ ಅವುಗಳೊಳಗಿಂದ ಹಾದು ಬರ್ತೈತಿ. ಜಗ್ಗಿದಾಗ ಕೊರಳ ಮ್ಯಾಲಿನ ಎರಡು ರಿಂಗ್ ಒಂದಕ್ಕೊಂದು ತಾಗಬಾರದು, ನಡುವ ಎರಡು ಬೆರಳು ಜಾಗ ಉಳೀಬೇಕು. ತಾಗಿದ್ರ ಬೆಲ್ಟ್ ದೊಡ್ಡದಾತು. ತಿರುಗಾಡಿಸುವಾಗ ಅಷ್ಟ ಹಾಕ್ರಿ, ಅದರಾಗ ಕಟ್ಟಿ ಹಾಕಿ ಹೋಗಬ್ಯಾಡ್ರಿ. ಎಲ್ಯಾರ ಸಿಕ್ಕೊಂಡ್ರ ಕುತ್ತಿಗಿಗೆ ಬರ್ತೈತಿ.

ಕಾಕಾ: ಗೆಜ್ಜಿ ಒಂದಾದ್ರೂ ಹೊಲಸ್ತೀನಿ.

ನಾನು: ಹೊಲಸ್ರಿ ಕಾಕಾ, ಸಣ್ಣ ಕುಣಿಕಿಗೆ ಮಾತ್ರ ಬ್ಯಾಡ. ಮೊದಲ ದಿನಾನೇ ರೋಡಿಗೆ ಒಯ್ಯಬ್ಯಾಡ್ರಿ. ಗೇಟ್ ಹಾಕಿ ಅಂಗಳದಾಗ ಚೈನ್ ಹಿಡಿದು, ಭೀಮಾ ತಾನಾಗೇ ಹಿಂದಕ್ಕ ಜಗ್ಗಿದ್ರ ಜಾರ್ತೈತೇನು ನೋಡಿ ತಿಳಸ್ರಿ.